ಈಜಿಪ್ಟ್ ಪ್ರವಾಸ: ಪಿರಮಿಡ್ಡಿನ ಜೊತೆ ಇವತ್ತಿನ ಊರನ್ನೂ ನೋಡೋದು ಹೇಗೆ?

ದೂರದಾರಿ

ಎಲ್ಲರಿಗೂ ನಮಸ್ಕಾರ. ಈ ಚಳಿಗಾಲದಲ್ಲಿ ಅಮ್ಮನ ಜೊತೆ ಈಜಿಪ್ಟ್‌ಗೆ ಹೊರಟಿದ್ದೇನೆ. ಅಮ್ಮ ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವರು. ಪಿರಮಿಡ್ಡು ನೋಡಬೇಕು ಅನ್ನೋದು ಅವರ ಬಹಳ ವರ್ಷಗಳ ಆಸೆ.

ಟೂರ್ ಕಂಪನಿಗಳು ಕಳಿಸಿದ ಪಟ್ಟಿಗಳನ್ನು ನೋಡಿದೆ. ಎಲ್ಲ ಒಂದೇ ಥರ ಇವೆ. ಬೆಳಿಗ್ಗೆ ಪಿರಮಿಡ್ಡುಗಳಿರುವ ಗಿಜಾ, ಮಧ್ಯಾಹ್ನ ಮ್ಯೂಸಿಯಂ, ರಾತ್ರಿ ವಿಮಾನ ಹತ್ತಿ ಹಳೆಯ ದೇವಸ್ಥಾನಗಳ ಊರು ಲಕ್ಸರ್, ಆಮೇಲೆ ಹಡಗು. ಕೈರೋ ಮತ್ತು ಸುತ್ತಮುತ್ತ ಎರಡು ಕೋಟಿಗೂ ಜಾಸ್ತಿ ಜನ ಇದ್ದಾರೆ. ಆ ಜನ ಈ ಪಟ್ಟಿಗಳಲ್ಲಿ ಎಲ್ಲೂ ಇಲ್ಲ.

ನಾಲ್ಕೂವರೆ ಸಾವಿರ ವರ್ಷದ ಕಲ್ಲುಗಳ ಪಕ್ಕದಲ್ಲೇ ಇವತ್ತೂ ಜನ ಅಂಗಡಿ ತೆರೆಯುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಆ ಬದುಕು ಆ ಕಲ್ಲಿಗೆ ತಾಗುವ ಜಾಗಗಳು ಯಾವುವು? ವ್ಯಾನಿನ ಕಿಟಕಿಯಿಂದ ಬೇಡ, ನಡೆದು ನೋಡಬೇಕು ಅಂತ ನನ್ನಾಸೆ. ಅಮ್ಮನಿಗೆ ಮಂಡಿನೋವು ಇದೆ. ಶುದ್ಧ ಸಸ್ಯಾಹಾರಿ. ಇದನ್ನೂ ಗಮನದಲ್ಲಿಟ್ಟು ಹೇಳಿ.

ನೈಲ್ ದಂಡೆ

ದೂರದಾರಿಯವರೇ, ಕೆಲಸದ ಮೇಲೆ ಕೆಲವು ವರ್ಷ ಕೈರೋದಲ್ಲಿ ಇದ್ದವಳು ನಾನು. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲ ದಿನವೇ ಗಿಜಾಗೆ ಓಡಬೇಡಿ. ಅಮ್ಮನನ್ನು ಮೆಟ್ರೋ ಹತ್ತಿಸಿ. 1987ರಲ್ಲಿ ಶುರುವಾದ ಈ ಮೆಟ್ರೋ ಆಫ್ರಿಕಾ ಖಂಡಕ್ಕೇ ಮೊದಲನೆಯದು. ಟಿಕೆಟ್ಟು ಕೆಲವೇ ಪೌಂಡು. ಮಧ್ಯದ ಎರಡು ಡಬ್ಬಿ ಹೆಂಗಸರಿಗೇ ಮೀಸಲು. ಅಲ್ಲಿ ಕೂತರೆ ಕಾಲೇಜು ಹುಡುಗಿಯರು, ತರಕಾರಿ ಚೀಲ ಹಿಡಿದ ಅಜ್ಜಿಯರು ತಾವಾಗಿಯೇ ಮಾತಾಡಿಸುತ್ತಾರೆ. ತಹ್ರೀರ್ ಚೌಕದ ಕೆಳಗೆ ಸಾದಾತ್ ನಿಲ್ದಾಣ ಇದೆ. ಅಲ್ಲಿಂದ ಹೆಲ್ವಾನ್ ಕಡೆಯ ಗಾಡಿ ಹಿಡಿದರೆ ನಾಲ್ಕನೇ ನಿಲ್ದಾಣ ಮಾರ್ ಗಿರ್ಗಿಸ್. ಹೊರಗೆ ಬಂದ ತಕ್ಷಣ ಎದುರಿಗೇ ದುಂಡನೆಯ ಬುರುಜು ಕಾಣುತ್ತೆ. ರೋಮನ್ನರ ಕೋಟೆ ಅದು. ಸುಮಾರು ಕ್ರಿ.ಶ. 300ರ ಹೊತ್ತಿನದು. ಹಿಂದೆ ಮೆಟ್ರೋ ಗಾಡಿ ಹೋಗುತ್ತಿರುತ್ತೆ, ಮುಂದೆ ರೋಮನ್ ಗೋಡೆ ನಿಂತಿರುತ್ತೆ.

ಆ ಕೋಟೆಯ ಬಾಗಿಲಿನ ಮೇಲೇ ಒಂದು ಚರ್ಚು ಕಟ್ಟಿದ್ದಾರೆ. ಕೆಳಗೆ ನೆಲ ಇಲ್ಲದ ಕಾರಣ ತೂಗುವ ಚರ್ಚು ಅಂತ ಹೆಸರು. ಒಳಗೆ ನೆಲದ ಒಂದು ಕಡೆ ಗಾಜು ಹಾಕಿದ್ದಾರೆ. ಬಗ್ಗಿ ನೋಡಿದರೆ ಕೆಳಗಿನ ಕೋಟೆ ಕಾಣುತ್ತೆ. ನಿಮ್ಮ ಅಮ್ಮ ಇತಿಹಾಸದ ಮೇಷ್ಟ್ರು ಅಂದಿರಲ್ಲ, ಅವರಿಗೆ ಇದು ಖಂಡಿತ ಇಷ್ಟವಾಗುತ್ತೆ: ಇಲ್ಲಿನ ಪ್ರಾರ್ಥನೆಯಲ್ಲಿ ಅರಬ್ಬಿಯ ಜೊತೆ ಕಾಪ್ಟಿಕ್ ಭಾಷೆಯೂ ಕೇಳಿಸುತ್ತೆ. ಫೇರೋಗಳ, ಅಂದರೆ ಪ್ರಾಚೀನ ಈಜಿಪ್ಟಿನ ರಾಜರ, ಕಾಲದ ಭಾಷೆ ಬದಲಾಗುತ್ತಾ ಬಂದು ಉಳಿದ ಕೊನೆಯ ರೂಪ ಅದು. 1822ರಲ್ಲಿ ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯನ್ ಚಿತ್ರಲಿಪಿಯ ಗುಟ್ಟು ಬಿಡಿಸಿದನಲ್ಲ, ಅವನಿಗೆ ಕಾಪ್ಟಿಕ್ ಚೆನ್ನಾಗಿ ಬರುತ್ತಿದ್ದದ್ದೇ ದೊಡ್ಡ ಸಹಾಯ ಆಯಿತು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಕೇಳಿ. ಮ್ಯೂಸಿಯಂನಲ್ಲಿ ಗೋಡೆ ಮೇಲೆ ನೋಡುವ ಭಾಷೆಯ ಮೊಮ್ಮಗಳು ಇಲ್ಲಿ ಬಾಯಲ್ಲಿ ಬದುಕಿದ್ದಾಳೆ.

ಪಕ್ಕದ ಓಣಿಯಲ್ಲಿ ಬೆನ್ ಎಜ್ರಾ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ. ಯಹೂದಿಗಳು ಅಲ್ಲಿ ಒಂದು ಕೋಣೆಯಲ್ಲಿ ನೂರಾರು ವರ್ಷ ಹಳೆಯ ಕಾಗದಗಳನ್ನು ಬಿಸಾಡದೆ ತುಂಬಿಟ್ಟಿದ್ದರು. 19ನೇ ಶತಮಾನದ ಕೊನೆಯಲ್ಲಿ ಹೆಚ್ಚಿನದು ಕೇಂಬ್ರಿಡ್ಜ್‌ಗೆ ಹೋಯಿತು. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡಿದ ಅಬ್ರಹಾಂ ಬೆನ್ ಯಿಜು ಅನ್ನುವವನ ಕಾಗದಪತ್ರಗಳೂ ಆ ರಾಶಿಯಲ್ಲಿದ್ದವು. ಇನ್ನೊಂದು ಸ್ವಲ್ಪ ನಡೆದರೆ ಅಮ್ರ್ ಮಸೀದಿ. ಕ್ರಿ.ಶ. 642ರ ಹೊತ್ತಿಗೆ ಶುರುವಾದ, ಆಫ್ರಿಕಾದ ಮೊದಲ ಮಸೀದಿ. ಕಟ್ಟಡ ಎಷ್ಟೋ ಸಲ ಹೊಸದಾಗಿದೆ, ಜಾಗ ಅದೇ.

ಇಷ್ಟೂ ಒಂದೇ ಮೆಟ್ರೋ ನಿಲ್ದಾಣದ ಸುತ್ತ. ತೂಗುವ ಚರ್ಚಿಗೆ ಮೆಟ್ಟಿಲು ಹತ್ತಬೇಕು, ಅಲ್ಲಿ ನಿಧಾನ ಮಾಡಿ. ಅಮ್ಮನ ಮಂಡಿಗೂ ಆಗುತ್ತೆ.

ದೂರದಾರಿ

ನೈಲ್ ದಂಡೆ ಅಕ್ಕ, ತುಂಬಾ ಥ್ಯಾಂಕ್ಸ್. ಮಂಗಳೂರಿನ ವ್ಯಾಪಾರಿಯ ಕಾಗದದ ಕಥೆ ಅಮ್ಮನಿಗೆ ಓದಿ ಹೇಳಿದೆ. ಈಗ ಪಿರಮಿಡ್ಡಿಗಿಂತ ಮೊದಲು ಅಲ್ಲಿಗೇ ಹೋಗೋಣ ಅಂತಿದ್ದಾರೆ. ಹಳೆ ಕೈರೋದ ಬಜಾರಿನ ಬಗ್ಗೆಯೂ ಹೇಳ್ತೀರಾ? ಖಾನ್ ಎಲ್-ಖಲೀಲಿ ಬರೀ ಪ್ರವಾಸಿಗಳ ಅಂಗಡಿ ಅಂತ ಕೆಲವರು ಬರೆದಿದ್ದಾರೆ.

ನೈಲ್ ದಂಡೆ

ಖಾನ್ ಎಲ್-ಖಲೀಲಿಯ ಒಂದು ಭಾಗ ಹಾಗೆಯೇ ಇದೆ, ನಿಜ. ಆದರೆ ಅದರ ಪಕ್ಕದಲ್ಲೇ ಅಲ್-ಮುಇಜ್ ಬೀದಿ ಇದೆ. ಕ್ರಿ.ಶ. 969ರಲ್ಲಿ ಫಾತಿಮಿ ರಾಜವಂಶದವರು ಕಟ್ಟಿದ ಊರಿನ ಮುಖ್ಯ ಬೀದಿ. ಉತ್ತರದ ಬಾಬ್ ಅಲ್-ಫುತೂಹ್ ಬಾಗಿಲಿನಿಂದ ದಕ್ಷಿಣದ ಬಾಬ್ ಜುವೈಲಾ ಬಾಗಿಲಿನವರೆಗೆ ನಡೆಯಿರಿ. ನಡುವೆ ಒಂದು ಜಾಗದಲ್ಲಿ ನಿಲ್ಲಲೇಬೇಕು. ಸುಲ್ತಾನ್ ಕಲಾವೂನ್ 1284-85ರಲ್ಲಿ ಸಮಾಧಿ, ಮದರಸಾ, ಆಸ್ಪತ್ರೆ ಮೂರನ್ನೂ ಒಟ್ಟಿಗೆ ಕಟ್ಟಿಸಿದ. ಆ ಆಸ್ಪತ್ರೆಯಲ್ಲಿ ಬಡವರಿಗೆ ಚಿಕಿತ್ಸೆ ಪುಕ್ಕಟೆ ಇತ್ತು. ಹಳೆಯ ಆಸ್ಪತ್ರೆ ಈಗ ಬಹುಪಾಲು ಬಿದ್ದುಹೋಗಿದೆ. ಆದರೆ ಅದೇ ಆವರಣದಲ್ಲಿ ಇವತ್ತಿನ ಕಾಲದ ಕಣ್ಣಾಸ್ಪತ್ರೆ ಇದೆ. ಏಳುನೂರು ವರ್ಷ ಆದ ಮೇಲೂ ರೋಗಿಗಳು ಅದೇ ಬೀದಿಗೆ ಬರುತ್ತಾರೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನ್ನ ಹತ್ತಿರ ಇಲ್ಲ.

ಬಾಬ್ ಜುವೈಲಾ ದಾಟಿದರೆ ಖಯಾಮಿಯಾ. ಮೇಲೆ ಮರದ ಚಾವಣಿ ಇರುವ ಬೀದಿ. ಡೇರೆಯ ಬಟ್ಟೆ ಹೊಲಿಯುವವರ ಕೇರಿ. ಬಣ್ಣದ ಬಟ್ಟೆಯ ತುಂಡುಗಳನ್ನು ಕತ್ತರಿಸಿ, ಇನ್ನೊಂದು ಬಟ್ಟೆಯ ಮೇಲಿಟ್ಟು ಕೈಯಲ್ಲೇ ಹೊಲಿಯುತ್ತಾರೆ. ಈಗ ಮದುವೆಗೂ ಸಾವಿಗೂ ರಂಜಾನಿಗೂ ಅದೇ ಚಿತ್ತಾರವನ್ನು ಮೆಷಿನ್ನಿನಲ್ಲಿ ಮುದ್ರಿಸಿದ ಬಟ್ಟೆ ಕಟ್ಟುತ್ತಾರೆ. ಅದು ಅಗ್ಗ. ಕೈಹೊಲಿಗೆಯವರು ಕಡಿಮೆ ಆಗುತ್ತಿದ್ದಾರೆ. ಏನಾದರೂ ಕೊಳ್ಳೋದಿದ್ದರೆ ಇಲ್ಲಿ ಕೊಳ್ಳಿ ಅಂತ ನನ್ನ ಮನವಿ. ದಿಂಬಿನ ಗವಸು ಒಂದಾದರೂ ಸಾಕು.

ಇನ್ನೊಂದು ಸಣ್ಣ ವಿಷಯ. ಕೈಗೆ ಬಂದ ನೋಟುಗಳನ್ನು ಸುಮ್ನೆ ಜೇಬಿಗೆ ಹಾಕಬೇಡಿ. ಈಜಿಪ್ಟಿನ ಕಾಗದದ ನೋಟಿನ ಅರಬ್ಬಿ ಬದಿಯಲ್ಲಿ ಮಸೀದಿ, ಇಂಗ್ಲಿಷ್ ಬದಿಯಲ್ಲಿ ಫೇರೋಗಳ ಕಾಲದ ಶಿಲ್ಪ ಇರುತ್ತೆ. 100 ಪೌಂಡಿನಲ್ಲಿ ಒಂದು ಕಡೆ ಸುಲ್ತಾನ್ ಹಸನ್ ಮಸೀದಿ, ಇನ್ನೊಂದು ಕಡೆ ಸಿಂಹದ ಮೈ, ಮನುಷ್ಯನ ತಲೆಯ ಸ್ಫಿಂಕ್ಸ್. 200ರಲ್ಲಿ ಕಾಲು ಮಡಚಿ ಕೂತ ಲಿಪಿಕಾರ. 1 ಪೌಂಡಿನ ನಾಣ್ಯದಲ್ಲಿ ಫೇರೋ ತುತಾಂಖಾಮನ್ ಮುಖವಾಡ. ಅಮ್ಮನ ಹತ್ತಿರ ಒಂದೊಂದು ಇಟ್ಟುಕೊಳ್ಳೋಕೆ ಹೇಳಿ.

ಕಲ್ಲುಕೆಲಸ

ನಾನು ಸಿವಿಲ್ ಎಂಜಿನಿಯರ್. ಹಳೆಯ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಈಜಿಪ್ಟನ್ನು ಆ ಕಣ್ಣಿನಿಂದ ನೋಡಿ ಬಂದವನು. ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಹಳೆಯದು ಮತ್ತು ಹೊಸದು ಒಟ್ಟಿಗೆ ಇರೋದು ತಾನಾಗಿ ಆಗೋದಲ್ಲ. ಪ್ರತಿ ದಿನ ಯಾರೋ ಅದಕ್ಕಾಗಿ ದುಡಿಯುತ್ತಿರುತ್ತಾರೆ, ಯಾರೋ ಏನನ್ನೋ ಕಳೆದುಕೊಳ್ಳುತ್ತಿರುತ್ತಾರೆ.

ಫೇರೋ ಎರಡನೇ ರಾಮ್ಸೆಸ್‌ನ ದೊಡ್ಡ ವಿಗ್ರಹದ ಕಥೆಯನ್ನೇ ತಗೊಳ್ಳಿ. 83 ಟನ್ ತೂಕ, 11 ಮೀಟರ್ ಎತ್ತರ. ಹಳೆಯ ರಾಜಧಾನಿ ಮೆಂಫಿಸ್‌ನ ಜಾಗದಲ್ಲಿ 1820ರಲ್ಲಿ ತುಂಡುಗಳಾಗಿ ಸಿಕ್ಕಿತು. 1955ರಲ್ಲಿ ಅದನ್ನು ಕೈರೋದ ರೈಲ್ವೆ ನಿಲ್ದಾಣದ ಎದುರು ನಿಲ್ಲಿಸಿದರು. ಹೊಸ ದೇಶಕ್ಕೆ ಹಳೆಯ ರಾಜ ಕಾವಲು ನಿಂತ ಹಾಗೆ ಅಂತ ಆಗಿನವರಿಗೆ ಅನಿಸಿರಬೇಕು. ಆಮೇಲೆ ಸುತ್ತಲೂ ಬಸ್ಸು, ಮೇಲ್ಸೇತುವೆ, ಹೊಗೆ, ನೆಲದಡಿ ಮೆಟ್ರೋ. ಹೊಗೆ ಕಲ್ಲನ್ನು ತಿನ್ನುತ್ತೆ, ಅದುರುವಿಕೆ ಜೋಡಣೆಯನ್ನು ಸಡಿಲಿಸುತ್ತೆ. 2006ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಇಡೀ ವಿಗ್ರಹವನ್ನು ನಿಂತ ಹಾಗೆಯೇ ಲಾರಿಗೆ ಕಟ್ಟಿ ಗಿಜಾಗೆ ಒಯ್ದರು. ಸಾವಿರಾರು ಜನ ನಿದ್ದೆಗೆಟ್ಟು ಬೀದಿಯಲ್ಲಿ ನಿಂತು ಬೀಳ್ಕೊಟ್ಟರು. ಅವರಿಗೆ ಅದು ದಿನಾ ಬಸ್ಸು ಹತ್ತುವಾಗ ಕಾಣುತ್ತಿದ್ದ ನೆರೆಯವನು. ಚೌಕದ ಹೆಸರು ಇವತ್ತಿಗೂ ರಾಮ್ಸೆಸ್ ಚೌಕ. ವಿಗ್ರಹ ಈಗ ಗ್ರ್ಯಾಂಡ್ ಈಜಿಪ್ಶಿಯನ್ ಮ್ಯೂಸಿಯಂ ಒಳಗೆ ಹೋದ ಕೂಡಲೇ ಸಿಗುತ್ತೆ. 2025ರ ನವೆಂಬರ್ 1ರಂದು ಆ ಮ್ಯೂಸಿಯಂ ಅಧಿಕೃತವಾಗಿ ಉದ್ಘಾಟನೆ ಆಯಿತು. ತುತಾಂಖಾಮನ್ ಸಮಾಧಿಯ ಐದು ಸಾವಿರಕ್ಕೂ ಹೆಚ್ಚು ವಸ್ತುಗಳು ಮೊದಲ ಸಲ ಒಂದೇ ಕಡೆ ಸೇರಿವೆ. ಟಿಕೆಟ್ಟನ್ನು ಮೊದಲೇ ಆನ್‌ಲೈನ್‌ನಲ್ಲಿ, ಗಂಟೆಯ ಲೆಕ್ಕದಲ್ಲಿ ಕಾಯ್ದಿರಿಸಿ. ಒಳಗೆ ಭಾರೀ ಮೆಟ್ಟಿಲುಗಳ ಸಾಲು ಇದೆ. ಪಕ್ಕದಲ್ಲೇ ಎಸ್ಕಲೇಟರ್ ಇದೆ, ಅಮ್ಮನಿಗೆ ತೊಂದರೆ ಇಲ್ಲ.

ಲಕ್ಸರ್ ಬಗ್ಗೆ ಇನ್ನೊಂದು ಪೋಸ್ಟಿನಲ್ಲಿ ಬರೆಯುತ್ತೇನೆ. ಅದಕ್ಕೆ ಬೇರೆ ಜಾಗ ಬೇಕು.

ನೇರಮಾತು

ಎಲ್ಲರೂ ಹೊಗಳುತ್ತಿದ್ದೀರಿ. ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಅಮ್ಮನನ್ನು ಕರಕೊಂಡು ಹೋಗುವವರಿಗೆ ಇದೂ ಗೊತ್ತಿರಲಿ.

ಗಿಜಾದಲ್ಲಿ ನಾವು ಹೋದಾಗ ಒಂಟೆಯವರು, ಕುದುರೆಯವರು, ಸ್ಕಾರ್ಫ್ ಮಾರುವವರು ಬೆನ್ನು ಬಿಡಲಿಲ್ಲ. ಪುಕ್ಕಟೆ ಅಂತ ಫೋಟೋ ತೆಗೆದುಕೊಟ್ಟು ಆಮೇಲೆ ಬಕ್ಷೀಸ್ ಕೇಳುತ್ತಾರೆ. ಪಿರಮಿಡ್ಡಿನ ಮುಂದೆ ಮನಸ್ಸಿಟ್ಟು ನಿಲ್ಲೋಕೇ ಆಗಲಿಲ್ಲ. ಸ್ಫಿಂಕ್ಸ್ ಎದುರಿನ ರಸ್ತೆಯಲ್ಲಿ ಪಿಜ್ಜಾ ಅಂಗಡಿ. ಇದನ್ನು ಸಹಬಾಳ್ವೆ ಅನ್ನೋಕೆ ನನಗೆ ಮನಸ್ಸು ಬರೋದಿಲ್ಲ. ಅಂಥ ಜಾಗದ ಸುತ್ತ ಒಂದಷ್ಟು ದೂರ ಮನೆ, ಅಂಗಡಿ, ಪ್ರಾಣಿ ಏನೂ ಇರಬಾರದು. ಮನುಷ್ಯ ಕಟ್ಟಿದ ಅತಿ ಎತ್ತರದ ಕಟ್ಟಡ ಅಂತ 3,800 ವರ್ಷ ನಿಂತದ್ದು ಅಲ್ಲಿನ ದೊಡ್ಡ ಪಿರಮಿಡ್ಡು. ಅದಕ್ಕೆ ಅಷ್ಟು ಮರ್ಯಾದೆ ಬೇಡವೇ?

ಲಕ್ಸರಿನಲ್ಲಿ ಸರ್ಕಾರ ಹಾಗೆ ಮಾಡಿತು. ಕಾರ್ನಾಕ್ ದೇವಸ್ಥಾನದಿಂದ ಲಕ್ಸರ್ ದೇವಸ್ಥಾನದವರೆಗೆ 2.7 ಕಿಲೋಮೀಟರ್ ಉದ್ದದ ಸ್ಫಿಂಕ್ಸ್ ಸಾಲಿನ ದಾರಿಯನ್ನು ಮೇಲಿನ ಮನೆಗಳನ್ನು ತೆಗೆದು ಅಗೆದರು. 2021ರ ನವೆಂಬರ್ 25ರಂದು ತೆರೆದರು. ಆ ದಾರಿಯಲ್ಲಿ ಸಂಜೆ ನಡೆದದ್ದು ನನ್ನ ಪ್ರವಾಸದ ಅತಿ ಒಳ್ಳೆಯ ಅನುಭವ. ಯಾರೂ ಎಳೆದಾಡಲಿಲ್ಲ.

ವಸುಧಾ

ನೇರಮಾತು ಅವರೇ, ಆ ದಾರಿ ಚೆನ್ನಾಗಿದೆ ಅನ್ನೋದನ್ನು ನಾನೂ ಒಪ್ಪುತ್ತೇನೆ. ಆದರೆ ಅದರ ಮೇಲಿದ್ದ ಮನೆಗಳಲ್ಲಿ ಇದ್ದವರು ಎಲ್ಲಿ ಹೋದರು ಅನ್ನೋದನ್ನೂ ಕೇಳಬೇಕು, ಅಲ್ವಾ?

ನದಿಯ ಆಚೆ ದಡದ ಕುರ್ನಾ ಊರಿನ ಕಥೆ ನೋಡಿ. ಗುಡ್ಡದಲ್ಲಿ ಹಳೆಯ ಕಾಲದ ಅಧಿಕಾರಿಗಳ ಸಮಾಧಿಗಳು, ಅವುಗಳ ಮೇಲೇ ಜನರ ಮಣ್ಣಿನ ಮನೆಗಳು. ಗೋಡೆಗಳ ಮೇಲೆ ಹಜ್‌ಗೆ ಹೋಗಿ ಬಂದವರ ಚಿತ್ರ: ಹಡಗು, ವಿಮಾನ, ಕಾಬಾ. ಆ ಊರಿನವರೇ ತಲೆಮಾರುಗಳಿಂದ ಉತ್ಖನನದ ಕೆಲಸಗಾರರು. ಕೆಲವರು ಸಮಾಧಿ ಕದ್ದದ್ದೂ ಉಂಟು. ದೇರ್ ಎಲ್-ಬಹರಿಯಲ್ಲಿ ರಾಜರ ಮಮ್ಮಿಗಳನ್ನು ಬಚ್ಚಿಟ್ಟಿದ್ದ ಗವಿ ಮೊದಲು ಸಿಕ್ಕಿದ್ದು ಅಲ್ಲಿನ ಅಬ್ದ್ ಎಲ್-ರಸೂಲ್ ಮನೆತನದವರಿಗೆ. ಅವರು ವರ್ಷಗಟ್ಟಲೆ ಗುಟ್ಟಾಗಿ ಸಾಮಾನು ಮಾರಿದರು. 1881ರಲ್ಲಿ ಸರ್ಕಾರಕ್ಕೆ ಗೊತ್ತಾಯಿತು. ಎರಡನೇ ರಾಮ್ಸೆಸ್ ಮಮ್ಮಿ ಸಿಕ್ಕಿದ್ದು ಆ ಗವಿಯಲ್ಲೇ.

ಅವರನ್ನು ಅಲ್ಲಿಂದ ಎಬ್ಬಿಸೋಕೆ 1940ರ ದಶಕದಲ್ಲೇ ಒಂದು ಪ್ರಯತ್ನ ಆಯಿತು. ಹಸನ್ ಫಾತಿ ಅನ್ನುವ ವಾಸ್ತುಶಿಲ್ಪಿ ಮಣ್ಣಿನ ಇಟ್ಟಿಗೆಯಲ್ಲಿ, ದಕ್ಷಿಣದ ನ್ಯೂಬಿಯಾ ಪ್ರದೇಶದವರ ಕಮಾನು ಕಟ್ಟುವ ಪದ್ಧತಿಯಲ್ಲಿ ಹೊಸ ಕುರ್ನಾ ಕಟ್ಟಿದರು. ಈಗಲೂ ಜಗತ್ತಿನ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ. ಆದರೆ ಬಹಳ ಜನ ಹೋಗಲು ಒಪ್ಪಲಿಲ್ಲ. ಅವರ ಸಂಪಾದನೆ ಗುಡ್ಡದಲ್ಲಿತ್ತು. ಕೊನೆಗೆ 2006ರ ಡಿಸೆಂಬರ್‌ನಿಂದ ಬುಲ್ಡೋಜರ್ ಬಂತು. ಕೆಲವು ವರ್ಷಗಳಲ್ಲಿ ಊರು ಹೆಚ್ಚುಕಡಿಮೆ ಇಲ್ಲವಾಯಿತು.

ಸಮಾಧಿಗಳಿಗೆ ಒಳ್ಳೆಯದಾಯಿತು, ಸರಿ. ಮನೆಗಳ ಬಳಕೆಯ ನೀರು ಕೆಳಗಿನ ಚಿತ್ರಗಳಿಗೆ ಇಳಿಯುತ್ತಿತ್ತು. ಆದರೆ ಆ ಹಜ್ ಚಿತ್ರಗಳ ಗೋಡೆಗಳೂ ಒಂದು ಪರಂಪರೆ ಅಂತ ನನ್ನ ನಂಬಿಕೆ. ಮೂರು ಸಾವಿರ ವರ್ಷ ಹಳೆಯ ಗೋಡೆಯ ಚಿತ್ರ ಉಳಿಯಬೇಕು, ನೂರು ವರ್ಷದ್ದು ಹೋಗಬಹುದು ಅಂತ ಯಾರು ತೀರ್ಮಾನ ಮಾಡೋದು?

ನೇರಮಾತು

ವಸುಧಾ ಅವರೇ, ನೀವು ಹೇಳಿದ ನೀರಿನ ಮಾತೇ ನನ್ನ ವಾದಕ್ಕೆ ಸಾಕು. ನೂರು ವರ್ಷದ ಮನೆಯಂಥದ್ದನ್ನು ಇನ್ನೊಂದು ಕಡೆ ಕಟ್ಟಬಹುದು. ಕೆಳಗಿನ ಚಿತ್ರ ಹೋದರೆ ಹೋಯಿತು. ಪರಿಹಾರ ಸರಿಯಾಗಿ ಕೊಡಬೇಕು, ಜನರ ಒಪ್ಪಿಗೆ ಪಡೆಯಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆಯ್ಕೆ ಮಾಡಲೇಬೇಕಾದ ಕಡೆ ನಾನು ಸಮಾಧಿಯ ಪಕ್ಷ.

ಕಲ್ಲುಕೆಲಸ

ಇಬ್ಬರ ಮಾತಿಗೂ ಸೇರುವ ಒಂದು ಜಾಗ ಹೇಳುತ್ತೇನೆ. ಲಕ್ಸರ್ ದೇವಸ್ಥಾನದ ಒಳಗೇ ಇರುವ, ಅಬು ಹಗ್ಗಾಗ್ ಅನ್ನುವ ಸಂತನ ಹೆಸರಿನ ಮಸೀದಿ.

ದೇವಸ್ಥಾನ ಶುರುವಾದದ್ದು ಕ್ರಿ.ಪೂ. 14ನೇ ಶತಮಾನದಲ್ಲಿ, ಮೂರನೇ ಅಮೆನ್‌ಹೋಟೆಪ್ ಕಾಲದಲ್ಲಿ. ರೋಮನ್ನರು ಅದನ್ನು ಸೇನೆಯ ನೆಲೆ ಮಾಡಿಕೊಂಡರು. ಆಮೇಲೆ ಕ್ರೈಸ್ತರು ಒಳಗೆ ಚರ್ಚು ಕಟ್ಟಿದರು. ಶತಮಾನಗಳ ಮಣ್ಣು ತುಂಬಿ ಕಂಬಗಳು ಅರ್ಧ ಮುಚ್ಚಿಹೋದವು. 13ನೇ ಶತಮಾನದಲ್ಲಿ ಆ ಎತ್ತರದ ನೆಲದ ಮೇಲೆ ಮಸೀದಿ ಬಂತು. 19ನೇ ಶತಮಾನದ ಕೊನೆಗೆ ಮಣ್ಣು ತೆಗೆದರು. ಮಸೀದಿಯನ್ನು ಮುಟ್ಟಲಿಲ್ಲ. ಹಾಗಾಗಿ ಅದರ ಹಳೆಯ ಬಾಗಿಲು ಈಗ ಅಂಗಳದಿಂದ ಬಹಳ ಮೇಲೆ, ಗಾಳಿಯಲ್ಲಿ ನಿಂತಿದೆ. ಜನ ಹಿಂದಿನ ಬೀದಿಯಿಂದ ಒಳಗೆ ಹೋಗುತ್ತಾರೆ. 2007ರಲ್ಲಿ ಬೆಂಕಿ ಬಿತ್ತು. ದುರಸ್ತಿ ಮಾಡುವಾಗ ಗಾರೆಯ ಹಿಂದೆ ರಾಮ್ಸೆಸ್ ಕಾಲದ ಕೆತ್ತನೆಗಳು ಸಿಕ್ಕವು. ಅವನ್ನು ಮತ್ತೆ ಮುಚ್ಚದೆ ಕಾಣುವ ಹಾಗೆ ಬಿಟ್ಟಿದ್ದಾರೆ. ನಮಾಜು ನಡೆಯುವ ಜಾಗದಲ್ಲೇ ಚಿತ್ರಲಿಪಿ ಇದೆ.

ರಂಜಾನಿಗೆ ಮುಂಚಿನ ಶಾಬಾನ್ ತಿಂಗಳಿನಲ್ಲಿ ಅಬು ಹಗ್ಗಾಗ್ ಉರುಸ್ ಆಗುತ್ತೆ. ಆಗ ದೋಣಿಗಳನ್ನು ಬೀದಿಯಲ್ಲಿ ಮೆರವಣಿಗೆ ಮಾಡುತ್ತಾರೆ. ಮೂರು ಸಾವಿರ ವರ್ಷದ ಹಿಂದೆ ಓಪೆಟ್ ಹಬ್ಬದಲ್ಲಿ ಕಾರ್ನಾಕ್‌ನಿಂದ ಆಮುನ್ ದೇವರನ್ನು ದೋಣಿಯಲ್ಲಿ ಇದೇ ದೇವಸ್ಥಾನಕ್ಕೆ ತರುತ್ತಿದ್ದರು. ಆ ಮೆರವಣಿಗೆಯ ಕೆತ್ತನೆ ಒಳಗಿನ ಗೋಡೆ ಮೇಲೆ ಇದೆ. ಎರಡಕ್ಕೂ ನೇರ ಸಂಬಂಧ ಇದೆಯೋ ಇಲ್ಲವೋ, ವಿದ್ವಾಂಸರು ಇನ್ನೂ ವಾದ ಮಾಡುತ್ತಾರೆ. ನೋಡುವವರಿಗೆ ಮಾತ್ರ ಮೈ ಜುಮ್ಮೆನ್ನುತ್ತೆ.

ಈಗ ನೀರಿನ ಮಾತು. ಮನೆಗಳಷ್ಟೇ ಕಾರಣ ಅಲ್ಲ. 1970ರಲ್ಲಿ ಅಸ್ವಾನ್ ಮೇಲಣ ಅಣೆಕಟ್ಟು ಮುಗಿಯಿತು. ಮೊದಲು ನೈಲ್ ವರ್ಷಕ್ಕೊಂದು ಸಲ ಉಕ್ಕಿ ಇಳಿಯುತ್ತಿತ್ತು. ಉಪ್ಪು ತೊಳೆದುಹೋಗುತ್ತಿತ್ತು. ಈಗ ವರ್ಷವಿಡೀ ಹೊಲಕ್ಕೆ ನೀರು. ನೆಲದಡಿಯ ನೀರು ಸದಾ ಮೇಲೇ ಇರುತ್ತೆ. ಮರಳುಕಲ್ಲು ಅದನ್ನು ಹೀರಿ ಮೇಲಕ್ಕೆ ಎಳೆಯುತ್ತೆ. ಬಿಸಿಲಿಗೆ ನೀರು ಆರುತ್ತೆ, ಉಪ್ಪು ಕಲ್ಲಿನೊಳಗೆ ಹರಳಾಗುತ್ತೆ. ಹರಳು ಬೆಳೆದಾಗ ಕಲ್ಲಿನ ಮೇಲ್ಪದರ ಒಡೆದು ಉದುರುತ್ತೆ. ಕಂಬಗಳ ಬುಡದಲ್ಲಿ ಬಿಳಿ ಪುಡಿ ಮತ್ತು ಸಿಪ್ಪೆ ಎದ್ದ ಕಲ್ಲು ಕಂಡರೆ ಅದೇ ಕಾರಣ. ಕಾರ್ನಾಕ್ ಮತ್ತು ಲಕ್ಸರಿನಲ್ಲಿ ನೆಲದಡಿ ಕೊಳವೆ ಹಾಕಿ ನೀರು ಇಳಿಸುವ ಕೆಲಸ ಆಗಿದೆ. ಅದೇ ಅಣೆಕಟ್ಟು ದೇಶಕ್ಕೆ ವಿದ್ಯುತ್ ಕೊಟ್ಟಿತು, ಪ್ರವಾಹ ಮತ್ತು ಬರದಿಂದ ಕಾಪಾಡಿತು. ಅದನ್ನು ಬೇಡ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ?

ಹೊಳೆಸಾಲು

ಅಣೆಕಟ್ಟಿನ ಮಾತು ಬಂತಲ್ಲ, ಅದರ ನೀರಿನಲ್ಲಿ ಮುಳುಗಬೇಕಿದ್ದ ಎರಡನೇ ರಾಮ್ಸೆಸ್ ಕಾಲದ ಗುಡಿ ಅಬು ಸಿಂಬೆಲ್ ಬಗ್ಗೆ ಹೇಳಲೇಬೇಕು. 1964ರಿಂದ 1968ರ ನಡುವೆ ಇಡೀ ಗುಡಿಯನ್ನು ಸಾವಿರಕ್ಕೂ ಜಾಸ್ತಿ ತುಂಡುಗಳಾಗಿ ಕೊಯ್ದು, 65 ಮೀಟರ್ ಮೇಲೆ, 200 ಮೀಟರ್ ಹಿಂದೆ ಜೋಡಿಸಿದರು. ಫೆಬ್ರವರಿ 22 ಮತ್ತು ಅಕ್ಟೋಬರ್ 22ರಂದು ಬೆಳಗಿನ ಬಿಸಿಲು ಗರ್ಭಗುಡಿಯವರೆಗೂ ಹೋಗುತ್ತೆ. ಜಗತ್ತೆಲ್ಲ ಹಣ ಹಾಕಿ ಉಳಿಸಿದ ಗುಡಿ ಅದು. ಅದರ ಬಗ್ಗೆ ಎಲ್ಲ ಗೈಡ್‌ಗಳೂ ಹೇಳುತ್ತಾರೆ.

ಅವರು ಹೇಳದೆ ಬಿಡುವುದು ನ್ಯೂಬಿಯಾದ ಜನರ ವಿಷಯ. ಅದೇ ನೀರಿನಡಿ ಅವರ ಊರುಗಳು ಮುಳುಗಿದವು. ಈಜಿಪ್ಟಿನ ಕಡೆಯಲ್ಲೇ ಸುಮಾರು 50,000 ಜನರನ್ನು ಕೊಮ್ ಓಂಬೋ ಹತ್ತಿರ ಸಾಗಿಸಿದರು. ನದಿ ದಂಡೆಯಲ್ಲಿ ಬೆಳೆದವರು ನದಿಯಿಂದ ದೂರದ ಕಾಂಕ್ರೀಟ್ ಮನೆಗಳಿಗೆ ಬಂದರು. ಗುಡಿಗೆ ಹೊಸ ಗುಡ್ಡ ಕಟ್ಟಿಕೊಟ್ಟರು, ಅವರ ಖರ್ಜೂರದ ತೋಟಕ್ಕೆ ಯಾರೂ ಕಟ್ಟಿಕೊಡಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತೆ.

ಅಸ್ವಾನ್‌ನಲ್ಲಿ 1997ರಲ್ಲಿ ತೆರೆದ ನ್ಯೂಬಿಯಾ ಮ್ಯೂಸಿಯಂ ಇದೆ. ಅಬು ಸಿಂಬೆಲ್‌ಗೆ ಹೋಗುವ ಹಿಂದಿನ ದಿನ ಅದನ್ನು ನೋಡಿ. ಮುಳುಗಿದ ಊರುಗಳ ಮನೆ, ಮದುವೆ, ಹೊಲ ಎಲ್ಲ ಅಲ್ಲಿ ಕಾಣಸಿಗುತ್ತೆ. ಆಮೇಲೆ ಅಬು ಸಿಂಬೆಲ್‌ನ ಸರೋವರವನ್ನು ನೋಡುವ ನಿಮ್ಮ ಕಣ್ಣೇ ಬೇರೆ ಆಗಿರುತ್ತೆ.

ದೂರದಾರಿ

ಎಲ್ಲರಿಗೂ ಧನ್ಯವಾದ. ನೇರಮಾತು ಅವರ ಮಾತೂ ಬೇಕಿತ್ತು. ಊಟದ ಬಗ್ಗೆ ಯಾರೂ ಹೇಳಲಿಲ್ಲ. ಅಮ್ಮನಿಗೆ ಬ್ರೆಡ್ಡು ಬಾಳೆಹಣ್ಣಿನಲ್ಲೇ ದಿನ ಕಳೆಯಬೇಕಾಗುತ್ತಾ?

ನೈಲ್ ದಂಡೆ

ಖಂಡಿತ ಇಲ್ಲ. ಒಂದು ಪದ ಬಾಯಿಪಾಠ ಮಾಡಿಸಿ: ಸಿಯಾಮಿ. ಕಾಪ್ಟಿಕ್ ಕ್ರೈಸ್ತರು, ಅಂದರೆ ಈಜಿಪ್ಟಿನದೇ ಹಳೆಯ ಚರ್ಚಿನವರು, ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಉಪವಾಸ ಇರುತ್ತಾರೆ. ಆ ದಿನಗಳಲ್ಲಿ ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಮುಟ್ಟೋದಿಲ್ಲ. ಆ ಊಟಕ್ಕೆ ಸಿಯಾಮಿ ಅಂತಾರೆ. ಸಸ್ಯಾಹಾರಿ ಅಂತ ಹೇಳಿದರೆ ಕೋಳಿ ಸಾರು ಹಾಕಿಬಿಡಬಹುದು. ಸಿಯಾಮಿ ಅಂದರೆ ಮುಸ್ಲಿಂ ಹೋಟೆಲಿನವರಿಗೂ ತಿಳಿಯುತ್ತೆ. ಕೆಲವು ಉಪವಾಸಗಳಲ್ಲಿ ಮೀನು ನಡೆಯುತ್ತೆ. ಹಾಗಾಗಿ ಮೀನೂ ಬೇಡ ಅಂತ ಸೇರಿಸಿ.

ಬೆಳಿಗ್ಗೆ ಫೂಲ್ ತಿನ್ನಿ. ಒಣ ಅವರೆಯ ಜಾತಿಯ ದೊಡ್ಡ ಕಾಳನ್ನು ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯಿಸಿ, ಎಣ್ಣೆ, ಜೀರಿಗೆ, ನಿಂಬೆ ಹಾಕಿ ಕೊಡುತ್ತಾರೆ. ಅದೇ ಕಾಳನ್ನು ರುಬ್ಬಿ, ಸೊಪ್ಪು ಸೇರಿಸಿ ಕರಿದರೆ ತಾಮಿಯಾ. ಒಳಗೆ ಹಸಿರಾಗಿರುತ್ತೆ. ಮಧ್ಯಾಹ್ನ ಕೊಶರಿ: ಅನ್ನ, ಚನ್ನಂಗಿ ಬೇಳೆ, ಮ್ಯಾಕರೋನಿ, ಕಡಲೆ, ಮೇಲೆ ಟೊಮೆಟೊ ಗೊಜ್ಜು, ಕರಿದ ಈರುಳ್ಳಿ. ಬೆಳ್ಳುಳ್ಳಿ ಹಾಕಿದ ವಿನೆಗರ್ ನೀರನ್ನು ಮರೆಯದೆ ಕೇಳಿ ಹಾಕಿಸಿಕೊಳ್ಳಿ. ಮೊಲೊಖಿಯಾ ಸೊಪ್ಪಿನ ಸಾರು ಮಾತ್ರ ಸಾಮಾನ್ಯವಾಗಿ ಕೋಳಿ ಅಥವಾ ಮೊಲದ ರಸದಲ್ಲಿ ಮಾಡಿರುತ್ತಾರೆ. ಕೇಳದೆ ತಿನ್ನಬೇಡಿ.

ಬೆಳಗಿನ ಹೊತ್ತು ರೊಟ್ಟಿ ಅಂಗಡಿಯ ಮುಂದೆ ನಿಂತು ನೋಡಿ. ತಲೆ ಮೇಲೆ ಮರದ ದೊಡ್ಡ ತಟ್ಟೆಯಲ್ಲಿ ರೊಟ್ಟಿ ಹೊತ್ತು, ಒಂದೇ ಕೈಯಲ್ಲಿ ಸೈಕಲ್ ಹೊಡೆಯುವ ಹುಡುಗರು ಟ್ರಾಫಿಕ್ ನಡುವೆ ನುಗ್ಗುತ್ತಾರೆ. ಗೋರಿಗಳಲ್ಲಿ ಸತ್ತವರ ಜೊತೆ ಇಟ್ಟ ರೊಟ್ಟಿಗಳು ಒಣಗಿ ಇವತ್ತಿಗೂ ಮ್ಯೂಸಿಯಂಗಳಲ್ಲಿವೆ. ಬದುಕಿದ್ದವರಿಗೂ ಅದೇ ಮುಖ್ಯ. 1977ರಲ್ಲಿ ಸರ್ಕಾರ ಆಹಾರದ ಸಬ್ಸಿಡಿ ಕಡಿತ ಮಾಡಿದಾಗ ದೇಶವೇ ಬೀದಿಗಿಳಿಯಿತು, ಆದೇಶ ವಾಪಸ್ ಪಡೆದರು. ದಶಕಗಳ ಕಾಲ 5 ಪಿಯಾಸ್ಟರ್ (ನೂರು ಪಿಯಾಸ್ಟರಿಗೆ ಒಂದು ಪೌಂಡು) ಇದ್ದ ಪಡಿತರ ರೊಟ್ಟಿ 2024ರ ಜೂನ್‌ನಿಂದ 20 ಪಿಯಾಸ್ಟರ್ ಆಗಿದೆ. ಟ್ಯಾಕ್ಸಿಯವರು ಈ ಬಗ್ಗೆ ಮಾತಾಡಿದರೆ ಕೇಳಿಸಿಕೊಳ್ಳಿ.

ವಸುಧಾ

ಹಬ್ಬ ಮತ್ತು ಪಂಚಾಂಗದ ಬಗ್ಗೆ ಒಂದು ಮಾತು. ಹಳ್ಳಿಯ ರೈತರು ಬಿತ್ತನೆ, ಚಳಿ, ಗಾಳಿಯ ಲೆಕ್ಕಕ್ಕೆ ಈಗಲೂ ಕಾಪ್ಟಿಕ್ ತಿಂಗಳುಗಳನ್ನು ಹೇಳುತ್ತಾರೆ. ಆ ತಿಂಗಳುಗಳ ಮೂಲ ಫೇರೋಗಳ ಕಾಲದ ಪಂಚಾಂಗ. ನೀವು ಜನವರಿಯಲ್ಲಿ ಹೋದರೆ ಅದು ತೂಬಾ, ಒಳ್ಳೆಯ ಚಳಿ. ಸ್ವೆಟರ್ ಬೇಕೇ ಬೇಕು. ಫೆಬ್ರವರಿಯ ಅಮ್ಶೀರ್‌ನಲ್ಲಿ ಧೂಳುಗಾಳಿ ಎದ್ದರೆ ಯಾರೂ ಆಶ್ಚರ್ಯಪಡೋದಿಲ್ಲ.

ವಸಂತಕಾಲದಲ್ಲಿ ಶಮ್ ಎಲ್-ನೆಸಿಮ್ ಹಬ್ಬ. ಇದೂ ಫೇರೋಗಳ ಕಾಲದಿಂದ ಬಂದದ್ದು ಅಂತಾರೆ. ಕಾಪ್ಟಿಕ್ ಈಸ್ಟರಿನ ಮರುದಿನ ಸೋಮವಾರ ಬರುತ್ತೆ. ಆದರೆ ಮುಸ್ಲಿಮರು, ಕ್ರೈಸ್ತರು ಎಲ್ಲರೂ ಆಚರಿಸುತ್ತಾರೆ. ಪಾರ್ಕು, ನದಿ ದಂಡೆ ಎಲ್ಲ ತುಂಬಿಹೋಗುತ್ತೆ. ಬಣ್ಣದ ಮೊಟ್ಟೆ, ಹಸಿ ಈರುಳ್ಳಿ, ಉಪ್ಪಿನಲ್ಲಿ ಹುದುಗಿಸಿದ ಫಸೀಖ್ ಮೀನು. ಧರ್ಮ ಎರಡು ಸಲ ಬದಲಾದರೂ ಹಬ್ಬ ಬಿಡದ ಜನ ಅವರು. ಇದು ನೋಡೋಕೆ ಸಿಗೋದು ಏಪ್ರಿಲ್, ಮೇ ಹೊತ್ತಿಗೆ. ನಿಮ್ಮ ಪ್ರವಾಸಕ್ಕೆ ಹೊಂದೋದಿಲ್ಲ. ಆದರೂ ಹೇಳದೆ ಇರೋಕಾಗಲಿಲ್ಲ.

ನೇರಮಾತು

ಗಿಜಾ ಬಗ್ಗೆ ಒಂದು ಒಳ್ಳೆಯ ಸುದ್ದಿಯನ್ನೂ ಸೇರಿಸುತ್ತೇನೆ. 2025ರಲ್ಲಿ ಫಯೂಮ್ ರಸ್ತೆಯ ಕಡೆಯಿಂದ ಹೊಸ ಪ್ರವೇಶ ಮಾಡಿ, ಒಳಗೆ ವಿದ್ಯುತ್ ಬಸ್ಸು ಬಿಟ್ಟಿದ್ದಾರೆ. ಮಂಡಿನೋವಿನವರಿಗೆ ದೊಡ್ಡ ಉಪಕಾರ. ಒಂಟೆ, ಕುದುರೆಯವರಿಗೆ ಬೇರೆ ಜಾಗ ಅಂತ ಮಾಡಿದರು. ಅವರು ವಿರೋಧಿಸಿ ರಸ್ತೆ ತಡೆದರು. ನನ್ನ ಅಭಿಪ್ರಾಯ ನಿಮಗೆ ಗೊತ್ತಿದೆ. ಆದರೆ ಅವರೂ ಪಕ್ಕದ ನಜ್ಲೆತ್ ಎಲ್-ಸಮ್ಮಾನ್ ಊರಿನಲ್ಲಿ ತಲೆಮಾರುಗಳಿಂದ ಇದನ್ನೇ ನಂಬಿದವರು. ಸವಾರಿ ಮಾಡೋದಿದ್ದರೆ ದರವನ್ನು ಹತ್ತುವ ಮೊದಲೇ ಮಾತಾಡಿ, ಎಲುಬು ಕಾಣುವ ಪ್ರಾಣಿಯ ಮೇಲೆ ಹತ್ತಬೇಡಿ.

ಟಿಕೆಟ್ ಕೌಂಟರುಗಳಲ್ಲಿ ಹಲವು ಕಡೆ ಕಾರ್ಡ್ ಮಾತ್ರ ತೆಗೆದುಕೊಳ್ಳುತ್ತಾರೆ. ಬಕ್ಷೀಸಿಗೆ ಸಣ್ಣ ನೋಟು ಬೇರೆ ಇಟ್ಟುಕೊಳ್ಳಿ.

ದೂರದಾರಿ

ಅಮ್ಮನೂ ನಾನೂ ಕೂತು ಪಟ್ಟಿ ಬದಲಾಯಿಸಿದೆವು. ಮೊದಲು ಮಾರ್ ಗಿರ್ಗಿಸ್. ಮಮ್ಮಿಗಳಿರುವ ಫುಸ್ತಾತ್ ಮ್ಯೂಸಿಯಂ ಹತ್ತಿರವೇ ಇದೆಯಂತೆ, ಅದೂ ಆ ದಿನವೇ. ಮಾರನೇ ದಿನ ಅಲ್-ಮುಇಜ್ ಬೀದಿ, ಖಯಾಮಿಯಾ. ಆಮೇಲೆ ಗಿಜಾ. ಲಕ್ಸರಿನಲ್ಲಿ ಹಡಗು ಬಿಟ್ಟು ಊರಲ್ಲೇ ಉಳಿಯುತ್ತೇವೆ. ಹೊಸ ಕುರ್ನಾಕ್ಕೂ ಹೋಗಬೇಕು ಅಂತ ಅಮ್ಮ ಹಠ ಹಿಡಿದಿದ್ದಾರೆ. ಅಸ್ವಾನ್‌ನಲ್ಲಿ ನ್ಯೂಬಿಯಾ ಮ್ಯೂಸಿಯಂ, ಆಮೇಲೆ ಅಬು ಸಿಂಬೆಲ್.

ಅಲ್-ಮುಇಜ್ ಬೀದಿಯ ದಿನ ಶುಕ್ರವಾರ ಬರುತ್ತೆ. ಪರವಾಗಿಲ್ವಾ? ಮಮ್ಮಿಗಳ ಕೋಣೆಯಲ್ಲಿ ಫೋಟೋ ತೆಗೆಯಬಹುದಾ?

ನೈಲ್ ದಂಡೆ

ಶುಕ್ರವಾರ ಬೇಡ, ಗುರುವಾರಕ್ಕೆ ಬದಲಾಯಿಸಿ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು ಮಸೀದಿಗಳಿಗೆ ಪ್ರವಾಸಿಗಳನ್ನು ಬಿಡೋದಿಲ್ಲ, ಅಂಗಡಿಗಳೂ ಬೆಳಿಗ್ಗೆ ಮುಚ್ಚಿರುತ್ತವೆ. ಆ ದಿನ ಬೆಳಿಗ್ಗೆ ರಸ್ತೆ ಖಾಲಿ ಇರುತ್ತೆ, ಗಿಜಾಗೆ ಹೋಗೋಕೆ ಅನುಕೂಲ. ಆದರೆ ಅಲ್ಲಿನ ಕುಟುಂಬಗಳಿಗೂ ರಜೆ, ಮಧ್ಯಾಹ್ನದ ಹೊತ್ತಿಗೆ ಗಿಜಾ ತುಂಬುತ್ತೆ. ಬಾಗಿಲು ತೆರೆಯುವಾಗಲೇ ಒಳಗಿರಿ.

ಮಮ್ಮಿಗಳ ಕೋಣೆಯಲ್ಲಿ ಫೋಟೋ ಇಲ್ಲ, ಮಾತೂ ಮೆಲ್ಲಗೆ. 22 ರಾಜರಾಣಿಯರ ಮಮ್ಮಿಗಳನ್ನು 2021ರ ಏಪ್ರಿಲ್ 3ರಂದು ತಹ್ರೀರ್ ಮ್ಯೂಸಿಯಂನಿಂದ ಅಲ್ಲಿಗೆ ರಾಜಮರ್ಯಾದೆಯ ಮೆರವಣಿಗೆಯಲ್ಲೇ ತಂದರು. ಬೀದಿಯಲ್ಲಿ ಮಾತ್ರ ಸ್ವಂತಕ್ಕೆ ಫೋಟೋ ತೆಗೆಯೋಕೆ 2022ರಿಂದ ಪರವಾನಗಿ ಬೇಕಿಲ್ಲ. ಪೊಲೀಸ್, ಸೇನೆಯ ಕಟ್ಟಡ ಬಿಟ್ಟುಬಿಡಿ. ಜನರ ಫೋಟೋ ತೆಗೆಯುವಾಗ ಕೇಳಿ ತೆಗೆಯಿರಿ. ಮಸೀದಿಗೆ ಅಮ್ಮನ ಸೀರೆಯ ಸೆರಗು ತಲೆ ಮೇಲೆ ಎಳೆದುಕೊಂಡರೆ ಸಾಕು, ಬೇರೆ ಸ್ಕಾರ್ಫ್ ಬೇಕಾಗಿಲ್ಲ.